ಟ್ರೈಲರ್ ಚಕ್ರದ ಪಂಚರ್: ಹೆದ್ದಾರಿ ಬದಿಯ ಒಂದು ಕಸುಬು

1989ರಲ್ಲಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರು ಕೆಲಸ ಆರಂಭಿಸಿತು. ಇಂದು ಅಲ್ಲಿಂದ ಹೊರಟ ಕಂಟೇನರ್ ಟ್ರೈಲರುಗಳು ಕಳಂಬೋಲಿ, ಶಿಳಫಾಟಾ, ಮುಂಬ್ರಾ ಬೈಪಾಸ್ ದಾಟಿ ಠಾಣೆ, ಭಿವಂಡಿಗಳತ್ತ ಹಗಲಿರುಳು ಸಾಲುಗಟ್ಟಿ ಸಾಗುತ್ತವೆ. ಆ ದಾರಿಯಲ್ಲೂ ಡೊಂಬಿವಲಿ ಮಗ್ಗುಲಿನ ಕಲ್ಯಾಣ–ಶಿಳ ರಸ್ತೆಯಲ್ಲೂ ಪಂಚರ್ ಅಂಗಡಿಗಳಿವೆ. ತಗಡಿನ ಸೂರು, ಕಂಪ್ರೆಸರು, ನೀರಿನ ತೊಟ್ಟಿ, ಹೊರಗೆ ಒರಗಿಸಿಟ್ಟ ಹಳೆಯ ಟೈರು, ಅಷ್ಟೇ ಬಂಡವಾಳ. ಕೆಲಸ ಮಾತ್ರ ಎಂಟೆದೆಯದು.

ಟ್ರೈಲರಿನಲ್ಲಿ ಪಂಚರ್ ಆದದ್ದು ತಿಳಿಯುವುದೇ ಕಷ್ಟ. ಹಿಂದಿನ ಆಕ್ಸಲುಗಳಲ್ಲಿ ಚಕ್ರಗಳು ಜೋಡಿಯಾಗಿರುತ್ತವೆ. ಒಳಗಿನ ಟೈರಿನ ಗಾಳಿ ಹೋದರೂ ಹೊರಗಿನದು ಎರಡರ ಭಾರ ಹೊತ್ತು ಓಡುತ್ತದೆ, ಕಾದು ಕಾದು ಕೊನೆಗೆ ಅದೂ ಸಿಡಿಯುತ್ತದೆ. ಅದಕ್ಕೇ ಪಳಗಿದ ಚಾಲಕರು ಚಹಾಕ್ಕೆ ನಿಂತಾಗ ರಾಡು ಹಿಡಿದು ಒಂದೊಂದೇ ಚಕ್ರ ಬಡಿಯುತ್ತ ಸುತ್ತು ಹಾಕುತ್ತಾರೆ. ಗಾಳಿಯಿದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ದಪ್ಪೆನ್ನುತ್ತದೆ.

ಚಕ್ರ ಬಿಚ್ಚುವ ಮುನ್ನ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಪಾನಾಕ್ಕೆ ಉದ್ದನೆಯ ಪೈಪು ಸೇರಿಸಿ ಮೈಭಾರ ಹಾಕಿದರೂ ಕೆಲವು ಜಪ್ಪಯ್ಯ ಅನ್ನುವುದಿಲ್ಲ. ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಜಾಕು ಹೂತುಹೋಗದಂತೆ ಅಡಿಗೆ ದಪ್ಪ ಹಲಗೆ ಬೇಕೇ ಬೇಕು.

ಇನ್ನು ಮುಂದಿನದು ಜೀವದ ಪ್ರಶ್ನೆ. ಕಾರಿನ ಟೈರಿಗೆ 30–35 ಪೌಂಡ್ ಗಾಳಿ ಸಾಕು, ಇಲ್ಲಿ 100 ಪೌಂಡ್ ದಾಟುತ್ತದೆ. ಟ್ಯೂಬಿರುವ ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವುದು ಕಬ್ಬಿಣದ ರಿಂಗು. ಗಾಳಿ ಉಳಿದಿರುವಾಗ ಅದನ್ನು ಕೆದಕಿದರೆ ಗುಂಡಿನಂತೆ ಹಾರುತ್ತದೆ. ಆದ್ದರಿಂದ ಬಲ್ಲವನು ಮೊದಲು ವಾಲ್ವಿನ ಪಿನ್ನು ತೆಗೆದು, ಸದ್ದು ಪೂರ್ತಿ ನಿಲ್ಲುವವರೆಗೂ ಸುಮ್ಮನೆ ಕಾಯುತ್ತಾನೆ. ಗಿರಾಕಿ ಎಷ್ಟೇ ಅವಸರಪಡಿಸಲಿ, ಆ ಕಾಯುವಿಕೆಯಲ್ಲಿ ರಾಜಿಯಿಲ್ಲ. ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಅದನ್ನೇ.

ಹೊರತೆಗೆದ ಟ್ಯೂಬಿಗೆ ಗಾಳಿ ಕೊಟ್ಟು ನೀರಿನಲ್ಲಿ ತಿರುಗಿಸಿದರೆ ಗುಳ್ಳೆಗಳು ತೂತನ್ನು ತೋರಿಸುತ್ತವೆ. ಆದರೆ ತೂತು ಸಿಕ್ಕರೆ ಸಾಲದು, ಚುಚ್ಚಿದ್ದು ಸಿಗಬೇಕು. ಕೆಲಸಗಾರ ಟೈರಿನೊಳಗೆ ಬಟ್ಟೆ ಹಿಡಿದು ಸುತ್ತಲೂ ಸವರುತ್ತಾನೆ. ಮೊಳೆಯೋ ತಂತಿಯ ತುಣುಕೋ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಟ್ಯೂಬನ್ನು ಉಜ್ಜಿ ಒರಟು ಮಾಡಿ, ಸೊಲ್ಯೂಶನ್ ಹಚ್ಚಿ, ಅದು ಒಣಗಿ ಅಂಟಂಟಾಗುವವರೆಗೆ ಬಿಟ್ಟು, ಪ್ಯಾಚ್ ಒತ್ತುತ್ತಾನೆ. ಭಾರದ ಗಾಡಿಗಳಿಗೆ ಹಸಿ ರಬ್ಬರಿನ ತುಂಡಿಟ್ಟು ಬಿಸಿ ಕಬ್ಬಿಣದಲ್ಲಿ ಬಿಗಿದು ಬೇಯಿಸುವುದೇ ವಾಸಿ. ಗಂಧಕ ಬೆರೆತ ರಬ್ಬರು ಬಿಸಿಗೆ ಗಟ್ಟಿಯಾಗುವ ಈ ವಿದ್ಯೆಗೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದಿದ್ದ. ಟ್ಯೂಬ್‌ಲೆಸ್ ಟೈರುಗಳಲ್ಲಿ ರಿಂಗಿನ ತಾಪತ್ರಯವಿಲ್ಲ, ತೂತಿಗೆ ಒಳಗಿನಿಂದಲೇ ತೇಪೆ ಬೀಳುತ್ತದೆ.

ಟ್ಯೂಬು, ಅದರಡಿಯ ರಬ್ಬರ್ ಪಟ್ಟಿಯಾದ ಫ್ಲ್ಯಾಪು, ರಿಂಗು ಮತ್ತೆ ಕೂತ ಮೇಲೆ ಚಕ್ರಕ್ಕೆ ಸರಪಳಿ ಸುತ್ತಿ, ಇಲ್ಲವೇ ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಬೇಕು. ಜಾಣ ಕೆಲಸಗಾರ ಮೊದಲು ಸ್ವಲ್ಪವೇ ಗಾಳಿ ಬಿಟ್ಟು, ರಿಂಗು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿಕೊಂಡು, ಉದ್ದ ಪೈಪು ಹಿಡಿದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಆಮೇಲೆಯೇ ಪೂರಾ ಗಾಳಿ.

ಅಂಗಡಿಯವರೆಗೂ ಬರಲಾಗದ ಟ್ರೈಲರುಗಳು ಮುಂಬ್ರಾ ಬೈಪಾಸಿನಂಥ ಕಡೆ ರಸ್ತೆಯಂಚಿನಲ್ಲೇ ನಿಂತಿರುತ್ತವೆ. ಅವುಗಳ ಹಿಂದೆ ಮರದ ಕೊಂಬೆಯೋ ಕಲ್ಲಿನ ಸಾಲೋ ಕಂಡರೆ ದಯವಿಟ್ಟು ವೇಗ ತಗ್ಗಿಸಿ, ದೂರದಿಂದಲೇ ಪಕ್ಕದ ಸಾಲಿಗೆ ಸರಿಯಿರಿ. ಚಕ್ರದ ಬಳಿ ಒಬ್ಬ ಕೂತಿರುತ್ತಾನೆ, ಅವನ ಬೆನ್ನು ರಸ್ತೆಯ ಕಡೆಗಿರುತ್ತದೆ. ಚಾಲಕ ಬಂಧುಗಳೇ, ಕೆಲಸ ಮುಗಿದ ಮೇಲೆ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೊರಡಬೇಡಿ.