ಚರ್ಮದ ಹಸಿವನ್ನು ಅಳೆದ ಬಗೆ

1976ರ ಆಗಸ್ಟ್ ತಿಂಗಳು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಒಂದಿಷ್ಟು ವಿಕಿರಣಶೀಲ ಸಕ್ಕರೆ ವಿಮಾನವೇರಿ ಫಿಲಡೆಲ್ಫಿಯಾಕ್ಕೆ ಬಂತು. ತಡಮಾಡುವಂತಿರಲಿಲ್ಲ. ಅದರಲ್ಲಿದ್ದ ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಬ್ಬಾಸ್ ಅಲವಿ ಅದನ್ನು ಆರೋಗ್ಯವಂತ ಸ್ವಯಂಸೇವಕರಿಗೆ ಚುಚ್ಚಿದರು. ಸಂಶೋಧಕರು ನೋಡಬೇಕೆಂದಿದ್ದದ್ದು ಮಿದುಳನ್ನು. ಚರ್ಮದ ಸರದಿ ಬರಲು ಇನ್ನೂ ಬಹಳ ಕಾಲ ಬೇಕಿತ್ತು.

ಆ ಸಕ್ಕರೆಯೇ ಇಂದು ಬಹುತೇಕ ಎಲ್ಲ ಪೆಟ್ ಸ್ಕ್ಯಾನ್ ಕೇಂದ್ರಗಳಲ್ಲೂ ಬಳಕೆಯಲ್ಲಿರುವ ಎಫ್‌ಡಿಜಿ. ಅದರ ವಿಕಿರಣರಹಿತ ರೂಪವನ್ನು 1968ರಲ್ಲೇ ಪ್ರಾಗ್‌ನ ರಸಾಯನಶಾಸ್ತ್ರಜ್ಞರು ತಯಾರಿಸಿದ್ದರು. ಜೀವಕೋಶ ಇದನ್ನು ಗ್ಲೂಕೋಸ್ ಎಂದೇ ಬಗೆದು ಒಳಗೆಳೆದುಕೊಳ್ಳುತ್ತದೆ. ಹೆಕ್ಸೊಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಂದ ಮುಂದೆ ಅದು ಅರಗುವುದೂ ಇಲ್ಲ, ಸುಲಭವಾಗಿ ಹೊರಬೀಳುವುದೂ ಇಲ್ಲ. ಹಸಿವು ಹೆಚ್ಚಿರುವ ಅಂಗದಲ್ಲಿ ಸಿಕ್ಕಿಬೀಳುವ ಸಕ್ಕರೆಯೂ ಹೆಚ್ಚು. ಫ್ಲೋರಿನ್ ಹೊರಸೂಸುವ ಪಾಸಿಟ್ರಾನ್, ಎಲೆಕ್ಟ್ರಾನಿಗೆ ಡಿಕ್ಕಿಯಾಗಿ ಅಳಿದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ದೇಹದ ಸುತ್ತಲಿನ ಪೆಟ್ ಯಂತ್ರ ಆ ಜೋಡಿಯನ್ನು ಹಿಡಿಯುತ್ತದೆ.

ಮಿದುಳಿನಿಂದ ಕ್ಯಾನ್ಸರ್‌ಗೆ ಬಂದ ಈ ವಿದ್ಯೆ ಚರ್ಮವನ್ನು ತಲುಪಿದ್ದು ಒಂದು ಕಣ್ಕಟ್ಟಿನ ಮೂಲಕ ಎನ್ನಬೇಕು. ತಿದ್ದದೆ ಬಿಟ್ಟ ಪೆಟ್ ಚಿತ್ರದಲ್ಲಿ ದೇಹದ ಅಂಚಿಗೆ ಹೊಳೆಯುವ ಗೆರೆಯೊಂದು ಕಾಣುತ್ತದೆ, ಚರ್ಮಕ್ಕೇ ಎಲ್ಲಕ್ಕಿಂತ ಹೆಚ್ಚು ಹಸಿವಿದೆಯೋ ಎಂಬಂತೆ. ನಿಜ ಸಂಗತಿ ಬೇರೆ. ಒಳಗಿನ ಅಂಗಗಳಿಂದ ಹೊರಟ ಕಿರಣಗಳಲ್ಲಿ ಬಹಳಷ್ಟು ದಾರಿಯಲ್ಲೇ ಮಾಂಸ, ಮೂಳೆಗಳಿಗೆ ಸಿಕ್ಕಿ ಕಳೆದುಹೋಗುತ್ತವೆ. ಚರ್ಮವನ್ನು ಸವರಿಕೊಂಡು ಹೋಗುವವು ಹೆಚ್ಚು ಅಡ್ಡಿಯಿಲ್ಲದೆ ಯಂತ್ರ ಮುಟ್ಟುತ್ತವೆ. 1998ರಲ್ಲಿ ಡೇವಿಡ್ ಟೌನ್‌ಸೆಂಡ್ ಮತ್ತು ರಾನ್ ನಟ್ ಅವರ, ಪೆಟ್ ಜೊತೆಗೆ ಸಿಟಿ ಸ್ಕ್ಯಾನನ್ನೂ ಸೇರಿಸಿದ ಮೊದಲ ಪೆಟ್-ಸಿಟಿ ಮಾದರಿ ಕೆಲಸ ಆರಂಭಿಸಿದ ಮೇಲೆ ಈ ನಷ್ಟವನ್ನು ಲೆಕ್ಕಹಾಕಿ ತುಂಬಿಕೊಡುವುದು ಸಲೀಸಾಯಿತು. ತಿದ್ದಿದ ಚಿತ್ರದಲ್ಲಿ ಆ ಹೊಳಪು ಇಳಿದುಹೋಗುತ್ತದೆ. ಉಳಿಯುವ ಮಸುಕೇ ಚರ್ಮದ ನಿಜವಾದ ಹಸಿವು, ನನ್ನನ್ನು ಸೆಳೆದದ್ದೂ ಅದೇ.

ಅದನ್ನು ಹೇಳುವುದು ಎಸ್‌ಯುವಿ ಎಂಬ ಅಂಕಿಯಲ್ಲಿ. ಚುಚ್ಚಿದ ಸಕ್ಕರೆ ಇಡೀ ಮೈಗೆ ಸಮನಾಗಿ ಹರಡಿದ್ದರೆ ಎಲ್ಲೆಡೆ 1 ಬರಬೇಕು. ಮಿದುಳಿನಲ್ಲಿ ಅದರ ಹಲವು ಪಟ್ಟು ಬರುತ್ತದೆ. ಚರ್ಮದಲ್ಲಿ ಬಹುತೇಕ 1ರ ಆಸುಪಾಸು, ಇಲ್ಲವೇ ಅದಕ್ಕೂ ಕೆಳಗೆ. ಆದರೆ ಈ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಸಾಮಾನ್ಯ ಯಂತ್ರ ಬಿಡಿಸಿ ನೋಡಬಲ್ಲದ್ದು 4ರಿಂದ 6 ಮಿಲಿಮೀಟರ್. ಚರ್ಮವೋ ಹೆಚ್ಚಿನ ಕಡೆ ಅದಕ್ಕಿಂತ ತೆಳು. ಅಡಿಯ ಕೊಬ್ಬು, ಮೇಲಿನ ಗಾಳಿ ಎರಡೂ ಅಳತೆಯೊಳಗೆ ಸೇರಿ ಅಂಕಿಯನ್ನು ತಗ್ಗಿಸುತ್ತವೆ. ಎಫ್‌ಡಿಜಿ ಮೂತ್ರದಲ್ಲೂ ಹೋಗುವುದರಿಂದ ಮೈಗೆ ತಾಗಿದ ಒಂದು ಹನಿ ಕೂಡ ರೋಗದ ಕಲೆಯಂತೆ ಹೊಳೆಯಬಹುದು.

2018ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಸೈಮನ್ ಚೆರ್ರಿ ಮತ್ತು ರಾಮ್ಸಿ ಬದಾವಿ ತಂಡದ ಎಕ್ಸ್‌ಪ್ಲೋರರ್ ಯಂತ್ರ ಚೀನಾದ ಶಾಂಘೈಯಲ್ಲಿ ಮನುಷ್ಯರ ಮೊದಲ ಚಿತ್ರಗಳನ್ನು ತೆಗೆಯಿತು. ಅದರ ಉದ್ದ 194 ಸೆಂಟಿಮೀಟರ್. ನೆತ್ತಿಯಿಂದ ಅಂಗಾಲಿನವರೆಗಿನ ಚರ್ಮ ಒಟ್ಟಿಗೇ ಅದರ ನೋಟಕ್ಕೆ ಸಿಗುತ್ತದೆ. ಕಿರಣಗಳನ್ನು ಹೆಚ್ಚು ಹಿಡಿಯುವುದರಿಂದ ವಿಕಿರಣದ ಪ್ರಮಾಣವನ್ನೂ ತಗ್ಗಿಸಬಹುದು. ಇದು ಸಣ್ಣ ಲಾಭವಲ್ಲ: ಸುಮ್ಮನೆ ಆರೋಗ್ಯವಂತರಿಗೆ ವಿಕಿರಣ ಕೊಡುವಂತಿಲ್ಲದ ಕಾರಣ, ಸಹಜ ಚರ್ಮದ ಅಂಕಿಗಳನ್ನು ಬೇರೆ ಕಾಯಿಲೆಗಾಗಿ ಸ್ಕ್ಯಾನ್ ಆದವರಿಂದಲೇ ಹೆಚ್ಚಾಗಿ ಆಯ್ದುಕೊಳ್ಳಬೇಕಾಗುತ್ತದೆ. ಹಾಗಾಗಿ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ವಯಸ್ಸಿನವರದು, ಮೈಯ ಯಾವ ಭಾಗದ್ದು, ಚುಚ್ಚಿದ ಎಷ್ಟು ಹೊತ್ತಿಗೆ ಅಳೆದದ್ದು ಎಂಬುದನ್ನೂ ಬರೆದಿಡಲೇಬೇಕು.