ಬೇಲಿಯಿಂದ ಅಂಗೈಗೆ ಬಂದ ಗಜಗ

ಅಕ್ಕಲಕೋಟೆ ತಾಲ್ಲೂಕಿನ ಕುರನೂರು ಎಂದರೆ ಸೊಲ್ಲಾಪುರದ ಕಡೆಯವರಿಗೆ ನೆನಪಾಗುವುದು ಬೋರಿ ನದಿಯ ಅಣೆಕಟ್ಟು. ನನ್ನನ್ನು ಅಲ್ಲಿಗೆ ಎಳೆದದ್ದು ಗಜಗದ ಬೀಜ. ಕನ್ನಡ ಮರಾಠಿ ಎರಡೂ ಬೆರೆತ ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಆಟ ಮಾತ್ರ ಒಂದೇ. ಕನ್ನಡದವರಿಗೆ ಅದು ಗಜಗದಾಟ, ಮರಾಠಿಯವರಿಗೆ ಸಾಗರಗೋಟೆ.

ಆಟ ತೋರಿಸಿದವರು ವಯಸ್ಸಾದ ಒಬ್ಬ ಆಯಿ. ಐದು ಗಜಗ ನೆಲಕ್ಕೆ ಚೆಲ್ಲಿದರು. ಒಂದನ್ನು ಮೇಲಕ್ಕೆ ತೂರಿ, ಅದು ಕೆಳಗಿಳಿಯುವಷ್ಟರಲ್ಲಿ ನೆಲದಲ್ಲಿದ್ದ ಒಂದನ್ನು ಎತ್ತಿಕೊಂಡು, ಎರಡನ್ನೂ ಅದೇ ಕೈಯಲ್ಲಿ ಹಿಡಿದರು. ಮೊದಲು ಒಂದೊಂದು, ಆಮೇಲೆ ಎರಡೆರಡು, ಮೂರು ಮತ್ತು ಒಂದು, ಕೊನೆಗೆ ನಾಲ್ಕೂ ಒಟ್ಟಿಗೆ. ಪಕ್ಕದ ಬೀಜಕ್ಕೆ ಬೆರಳು ತಾಗಿತೋ, ಆಟ ಎದುರಿನವಳ ಪಾಲು. ಎಲ್ಲ ಮುಗಿದ ಮೇಲೆ ಐದನ್ನೂ ತೂರಿ ಮುಂಗೈ ಮೇಲೆ ನಿಲ್ಲಿಸಬೇಕು. ಮಾತಾಡುತ್ತಲೇ ಆಡುತ್ತಿದ್ದ ಆಯಿಯ ಕೈ ಒಮ್ಮೆಯೂ ತಪ್ಪಲಿಲ್ಲ.

ಕಲ್ಲಿನಲ್ಲೂ ಆಡಬಹುದು. ಆದರೆ ನುಣುಪು, ಹದವಾದ ತೂಕ, ಒಂದಕ್ಕೊಂದು ಬಡಿದಾಗಿನ ಸದ್ದು ಗಜಗದಲ್ಲೇ ಸಿಗುವುದು ಎಂಬುದು ಅವರ ಮಾತು. ಬಳ್ಳಿಗೆ ಕೊಕ್ಕೆಮುಳ್ಳು, ಕಾಯಿಯ ಮೈತುಂಬ ಮುಳ್ಳು. ಕಾಯಿ ಒಣಗಿ ಬಾಯಿ ಬಿಟ್ಟಾಗ ಒಳಗೆ ಒಂದೋ ಎರಡೋ ಬೂದುಬಣ್ಣದ ಬೀಜ. ಅವು ಬೇಕೆಂದರೆ ಬಳ್ಳಿ ಯಾವ ಬೇಲಿಯಲ್ಲಿದೆ, ಹಳದಿ ಹೂ ಯಾವಾಗ ಬಿಡುತ್ತದೆ, ಕಾಯಿ ಯಾವಾಗ ಬಲಿಯುತ್ತದೆ ಎಂದು ಮಕ್ಕಳಿಗೆ ಗೊತ್ತಿರಲೇಬೇಕಿತ್ತು. ಸಸ್ಯಶಾಸ್ತ್ರದ ಮೊದಲ ಪಾಠ ಹೀಗೆ ಬೇಲಿಯ ಬಳಿಯೇ ಆಗುತ್ತಿತ್ತು. ಬೀಜವನ್ನು ಕಲ್ಲಿಗೆ ಉಜ್ಜಿ ಗೆಳತಿಯ ತೋಳಿಗೆ ಚುರ್ರೆನಿಸುವ ತುಂಟಾಟವೂ ಅದರ ಜೊತೆಗೇ.

ಈ ಬೀಜದ ಸಿಪ್ಪೆಯೊಳಗೆ ನೀರು ಇಳಿಯದು. ಹಾಗಾಗಿ ಅದು ಕಡಲಲ್ಲಿ ತೇಲಿ ದೂರದ ದಡಗಳಲ್ಲೂ ಬೇರೂರಿದೆ. ಹವಾಯಿ ದ್ವೀಪಗಳಲ್ಲಿ ಇದನ್ನು ಮಾಲೆಗೆ ಪೋಣಿಸುತ್ತಾರೆ. ಕೆರಿಬಿಯನ್‌ನ ಆಂಟಿಗುವಾದಲ್ಲಿ ಹನ್ನೆರಡು ಗುಣಿಗಳ ‘ವಾರಿ’ ಆಟ ಶುರುವಾಗುವುದು ಗುಣಿಗೆ ನಾಲ್ಕರಂತೆ 48 ಗಜಗ ಇಟ್ಟು. ನಮ್ಮ ಅಳಗುಳಿಮಣೆಯ ಹತ್ತಿರದ ನಂಟ ಅದು. ನಮ್ಮಲ್ಲಿ ಗಜಗದ ಕಹಿ ತಿರುಳು ಜ್ವರಕ್ಕೆ ಮದ್ದೂ ಆಗಿತ್ತು.

ಈಗ ಹೊಲಗಳ ಸುತ್ತ ತಂತಿಬೇಲಿ. ಮುಳ್ಳುಬಳ್ಳಿ ಯಾರಿಗೂ ಬೇಡ. ಆಯಿಯ ಡಬ್ಬಿಯಲ್ಲಿದ್ದ ಗಜಗವೂ ಔಷಧಿ ಸಾಮಾನಿನ ಅಂಗಡಿಯಿಂದ ಕೊಂಡು ತಂದದ್ದು. ಇದೇ ಜಿಲ್ಲೆಯ ನಾನ್ನಜದಲ್ಲಿ ಮಾಳಢೋಕ ಹಕ್ಕಿಗೆಂದು 1979ರಲ್ಲೇ ಅಭಯಾರಣ್ಯವಾಯಿತು. ಬೇಲಿಯ ಬಳ್ಳಿಗೆ ಅಂಥ ಕಾವಲು ಯಾರೂ ಕೊಡುವುದಿಲ್ಲ. ಅದನ್ನು ಇಷ್ಟು ಕಾಲ ಉಳಿಸಿದ್ದು ರೈತನಿಗಿದ್ದ ಬೇಲಿಯ ಅಗತ್ಯ, ಮಕ್ಕಳಿಗಿದ್ದ ಆಟದ ಆಸೆ.

ಬೇಲಿಯ ಅಗತ್ಯ ಮತ್ತೆ ಬರಲಾರದು. ಆಟದ ಆಸೆ ಹುಟ್ಟಿಸುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ. ಗಜಗ ಮೊಳೆಯಬೇಕಾದರೆ ಗಟ್ಟಿ ಸಿಪ್ಪೆಯನ್ನು ಕಲ್ಲಿಗೆ ಉಜ್ಜಿ ತೆಳುವಾಗಿಸಿ ನೀರಲ್ಲಿ ನೆನೆಹಾಕಬೇಕು. ಆ ಉಜ್ಜುವ ಕೆಲಸವನ್ನು ತುಂಟ ಮಕ್ಕಳು ತಲೆಮಾರುಗಳಿಂದ ಮಾಡುತ್ತಲೇ ಬಂದಿದ್ದಾರೆ. ಶಾಲೆಯ ಅಂಗಳದ ಮೂಲೆಯಲ್ಲಿ ಒಂದು ಬಳ್ಳಿ, ಆಟ ಕಲಿಸಲು ಊರಿನ ಒಬ್ಬ ಆಯಿ, ಇಷ್ಟಿದ್ದರೆ ಸಾಕು. ಬಳ್ಳಿಯನ್ನು ನಾಳೆಯೂ ನೆಡಬಹುದು. ಕಲಿಸುವ ಆಯಿಯಂದಿರು ಮಾತ್ರ ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.