ವರ್ಗಾವಣೆಗೆ ಒಪ್ಪದ ಹಾರ್ಡ್ ಡಿಸ್ಕ್

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ನಿಂತಿತು. ಇಂಥ ದಿನಾಂಕಗಳು ಕಳೆದಾಗಲೆಲ್ಲ ಅನೇಕ ಮನೆಗಳಿಗೆ ಹೊಸ ಗಣಕಯಂತ್ರ ಬರುತ್ತದೆ. ಜೊತೆಗೆ ಸಹಜವಾದ ಒಂದು ಪ್ರಶ್ನೆಯೂ ಏಳುತ್ತದೆ. ಹಳೆಯ ಯಂತ್ರದ ಹಾರ್ಡ್ ಡಿಸ್ಕನ್ನು ಬಿಚ್ಚಿ, ಅದರೊಳಗಿನ ಕಾರ್ಯಾಚರಣ ವ್ಯವಸ್ಥೆಯ ಸಮೇತ ಹೊಸದಕ್ಕೆ ಜೋಡಿಸಿದರೆ ಸಾಲದೆ?

ಸಾಲದು. ನನ್ನ 2004ರ ಯಂತ್ರದ ಮದರ್‌ಬೋರ್ಡ್ ಕೆಟ್ಟು, ಡಿಸ್ಕ್ ಮಾತ್ರ ಸುಸ್ಥಿತಿಯಲ್ಲಿ ಉಳಿದಾಗ ಅದನ್ನು ಬಂಧುಗಳೊಬ್ಬರ ಯಂತ್ರಕ್ಕೆ ಜೋಡಿಸಲಾಯಿತು. ಪರದೆ ನೀಲಿಯಾಗಿ ನಿಂತುಬಿಟ್ಟಿತು. ಕಾರಣ ಸರಳ. ಸ್ಥಾಪನೆಯ ಸಂದರ್ಭದಲ್ಲಿ ಎಕ್ಸ್‌ಪಿ ತಾನಿರುವ ಯಂತ್ರದ ಡಿಸ್ಕ್ ನಿಯಂತ್ರಕವನ್ನೂ ಚಿಪ್‌ಗಳನ್ನೂ ಗುರುತಿಸಿ, ಅವುಗಳಿಗೆ ಬೇಕಾದ ಚಾಲಕ ತಂತ್ರಾಂಶಗಳನ್ನಷ್ಟೇ ಆರಂಭಕ್ಕೆ ಸಜ್ಜುಗೊಳಿಸುತ್ತದೆ. ಹೊಸ ಯಂತ್ರದಲ್ಲಿ ಅದರ ಪಾಡು, ಒಂದೇ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದು ಏಕಾಏಕಿ ವರ್ಗವಾದ ಶಿರಸ್ತೇದಾರನ ಪಾಡು: ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂಬುದೇ ತಿಳಿಯದು. ವಿಂಡೋಸ್ 10 ಈ ವಿಷಯದಲ್ಲಿ ಹೆಚ್ಚು ಸಹನಶೀಲ. ಬಹುಪಾಲು ಚಾಲಕಗಳನ್ನು ತನ್ನೊಂದಿಗೇ ಒಯ್ಯುವ ಲಿನಕ್ಸ್ ಸಾಮಾನ್ಯವಾಗಿ ಹೊಸ ಜಾಗದಲ್ಲೂ ಎದ್ದು ಕೂರುತ್ತದೆ.

ತಾಂತ್ರಿಕ ತೊಡಕು ಬಗೆಹರಿದರೂ ಪರವಾನಗಿಯ ತೊಡಕು ಉಳಿಯುತ್ತದೆ. 2001ರಲ್ಲಿ ಎಕ್ಸ್‌ಪಿಯೊಂದಿಗೆ ಸಕ್ರಿಯಗೊಳಿಸುವ ಪದ್ಧತಿ ಮನೆಬಳಕೆದಾರರವರೆಗೂ ಬಂದಿತು. ಪ್ರತ್ಯೇಕವಾಗಿ ಕೊಂಡ ಪ್ರತಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಯಂತ್ರದೊಂದಿಗೇ ಬಂದ ಪ್ರತಿಯಾದರೋ ಆ ಯಂತ್ರದೊಡನೆಯೇ ಸಹಗಮನ ಮಾಡಬೇಕು. ನಾವು ಕೊಂಡದ್ದು ವಸ್ತುವನ್ನಲ್ಲ, ಷರತ್ತುಬದ್ಧ ಬಳಕೆಯ ಹಕ್ಕನ್ನು. ಒಂದು ವ್ಯವಸ್ಥೆಯಿಂದ ಹೊರಬರಲು ತೆರಬೇಕಾದ ಬೆಲೆಯೇ ಗ್ರಾಹಕನನ್ನು ಅಲ್ಲಿ ಕಟ್ಟಿಹಾಕುತ್ತದೆಂಬುದನ್ನು ಅರ್ಥಶಾಸ್ತ್ರಜ್ಞರಾದ ಕಾರ್ಲ್ ಶಪಿರೋ ಮತ್ತು ಹಾಲ್ ವೇರಿಯನ್ 1990ರ ದಶಕದ ಕೊನೆಯಲ್ಲೇ ವಿವರಿಸಿದ್ದರು.

ಇಷ್ಟಾದರೂ ಕಡತಗಳು ನಮ್ಮವೇ ತಾನೆ? ಹಳೆಯ ನಲವತ್ತು ಪಿನ್ನಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಗ್ಗದ ಸಾಧನವೊಂದರಿಂದ ನನ್ನ ಕಡತಗಳೆಲ್ಲ ಹೊರಬಂದವು. ಬರ ಪರಿಹಾರ ಕಾಮಗಾರಿಗಳ ಕುರಿತು ಸೇವಾವಧಿಯಲ್ಲಿ ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ತೆರೆದರೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಅಂದಿನ ನುಡಿ, ಬರಹ ಮುಂತಾದವುಗಳ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಅಕ್ಷರಶೈಲಿ ಇಲ್ಲವಾದೊಡನೆ ಕನ್ನಡವೂ ಇಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನವಿತ್ತು. ಎಕ್ಸ್‌ಪಿಯೊಳಗೇ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಇತ್ತು. ಆದರೆ ಮುದ್ರಣಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಕಚೇರಿಗಳ ರೂಢಿಯೂ ಬೇಗ ಬದಲಾಗುವಂಥದಲ್ಲ. ಪರಿವರ್ತಕ ತಂತ್ರಾಂಶಗಳು ಇವೆಯೆಂಬುದು ಸಮಾಧಾನ, ಆದರೂ ಕಣ್ಣಿಟ್ಟು ತಿದ್ದಬೇಕು. ಬರವಣಿಗೆಯಲ್ಲಿ ಅಕ್ಷರದ ನಂತರ ಬರುವ ಅರ್ಕಾವತ್ತು ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಮುಂಚೆ ಬರಬೇಕು. ನನ್ನ ಟಿಪ್ಪಣಿಗಳಲ್ಲಿ ಅದು ಹಲವೆಡೆ ದಾರಿ ತಪ್ಪಿತ್ತು.

ನನ್ನ ಟಿಪ್ಪಣಿಗಳು ಹೋಗಿದ್ದರೆ ನಷ್ಟ ನನ್ನೊಬ್ಬನದು. ಸಾರ್ವಜನಿಕ ಕಚೇರಿಗಳ ವಿಷಯ ಹಾಗಲ್ಲ. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರ ಡಿಸ್ಕಿನ ಪೂರ್ಣ ಪ್ರತಿಬಿಂಬ ತೆಗೆಯಬೇಕು, ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ತರಬೇಕು, ತಂದುದನ್ನು ಬಲ್ಲವರೊಬ್ಬರು ಓದಿ ಸಹಿ ಹಾಕಬೇಕು. ಯಂತ್ರ ಇನ್ನೂ ಚಾಲನೆಯಲ್ಲಿದ್ದರೆ ಕೆಲಸ ಸುಲಭ: ಡಿಸ್ಕ್‌2ವಿಎಚ್‌ಡಿಯಂಥ ಉಚಿತ ಸಾಧನ ಇಡೀ ವ್ಯವಸ್ಥೆಯನ್ನು ಒಂದೇ ಕಡತವಾಗಿಸುತ್ತದೆ, ಪರವಾನಗಿ ಅನುಮತಿಸಿದರೆ ಅದನ್ನು ಹೊಸ ಯಂತ್ರದೊಳಗೆ ವರ್ಚುವಲ್ ಯಂತ್ರವಾಗಿ ನಡೆಸಬಹುದು. ಪೀಠೋಪಕರಣಗಳ ದಾಸ್ತಾನು ಪುಸ್ತಕದಲ್ಲಿ ಮುರಿದ ಕುರ್ಚಿಗೂ ಒಂದು ಸಾಲು ಮೀಸಲಿಡುವ ನಮ್ಮ ಕಚೇರಿಗಳಿಗೆ ಇದೇನೂ ಹೊರೆಯಾಗದು.